ನೆಲಮಾಳಿಗೆಯ ಕಾಂಗಸ್ ಬರೆದಿಟ್ಟ ಲಾಗ್

ವೆಂಡೆಲ್ ಕಾಂಗಸ್ ಪುಕ್ಕಲ. ಹನ್ನೊಂದು ವರ್ಷ ನಾನು ಇದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದೆ. ಒಮ್ಮೆ ಅವನ ಎದುರಿಗೇ ಹೇಳಿದೆ. ಅವನು ಸ್ವಲ್ಪ ಯೋಚಿಸಿ, "ಇರಬಹುದು ಮೇಡಂ" ಎಂದ. ಆಮೇಲೆ, ನಾನು ತಂದಿದ್ದ ಅರ್ಜಿಯಲ್ಲಿ ದಿನಾಂಕ ಬಿಟ್ಟುಹೋಗಿದೆ ಎಂದು ಅದನ್ನು ನನ್ನ ಕೈಗೇ ವಾಪಸು ಕೊಟ್ಟ. ಮನಸ್ಸಿಗೆ ಬಂದದ್ದನ್ನು ಎದುರಿಗೇ ಹೇಳಿಬಿಡುವುದನ್ನು ನಾನು ಧೈರ್ಯವೆಂದು ತಿಳಿದಿದ್ದೆ. ಆ ಲೆಕ್ಕದಲ್ಲಿ ನಮ್ಮ ಕಾಲೇಜಿನಲ್ಲಿ ನನ್ನಷ್ಟು ಧೈರ್ಯವಂತರು ಇನ್ನೊಬ್ಬರಿರಲಿಲ್ಲ.

ನಮ್ಮ ಕಾಲೇಜು ಅಮೆರಿಕದ ಸುಪೀರಿಯರ್ ಸರೋವರದ ದಂಡೆಯಲ್ಲಿದೆ. ಹಿಂದೆ ತಾಮ್ರದ ಗಣಿಗಳಿದ್ದ ಊರು. ನಾನು ಅಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಅದರಲ್ಲೂ ಕಲ್ಲುಹೂವು ನನ್ನ ವಿಷಯ. ಬಂಡೆಗೆ ಅಂಟಿಕೊಂಡು ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆಯುವ, ಯಾರ ತಂಟೆಗೂ ಹೋಗದ ಆ ಜೀವಿಗಳ ಜೊತೆ ಮೂವತ್ತು ಚಳಿಗಾಲ ಕಳೆದವಳಿಗೆ ಮನುಷ್ಯರ ವಿಷಯದಲ್ಲಿ ತಾಳ್ಮೆ ಬೆಳೆದಿರಬೇಕು ಎಂದು ಹೊರಗಿನವರು ಊಹಿಸುತ್ತಾರೆ. ನನ್ನ ವಿದ್ಯಾರ್ಥಿಗಳು ಹಾಗೆ ಊಹಿಸುತ್ತಿರಲಿಲ್ಲ.

ಕಾಂಗಸ್ ಇದ್ದದ್ದು ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಹಿಂದೆ ಗಣಿಗಳ ನಕ್ಷೆ ಇಡುತ್ತಿದ್ದ ಕೋಣೆಯಲ್ಲಿ. ಕಾಲೇಜಿನ ವೆಬ್ ಸರ್ವರ್ ಅಲ್ಲಿತ್ತು. ತೊಂಬತ್ತರ ದಶಕದ ಆ ದಿನಗಳಲ್ಲಿ ಸರ್ವರ್ ಎಂದರೆ ಯಾವ ಕಚೇರಿಯ ಮೇಜಿನ ಮೇಲೂ ಕಾಣುವಂಥ ಒಂದು ಕೆನೆಬಣ್ಣದ ಕಂಪ್ಯೂಟರ್, ಅಷ್ಟೇ. ಅದು ಮಾಡುವ ಕೆಲಸವನ್ನು ಅವನು ನನಗೆ ಮೂರು ಸಲ ವಿವರಿಸಿದ. ಮೂರನೆಯ ಸಲ ಅರ್ಥವಾಯಿತು ಎಂದು ಸುಳ್ಳು ಹೇಳಿದೆ. ಈಗ ತಿಳಿದಿರುವ ಮಟ್ಟಿಗೆ, ಅದು ಬಾಗಿಲಲ್ಲಿ ಕುಳಿತ ಗುಮಾಸ್ತನ ಹಾಗೆ. ಯಾರೋ ಎಲ್ಲಿಂದಲೋ ನಮ್ಮ ಕಾಲೇಜಿನ ಒಂದು ಪುಟ ಕೇಳುತ್ತಾರೆ, ಅದು ತೆಗೆದುಕೊಡುತ್ತದೆ, ಕೊಟ್ಟದ್ದನ್ನು ಒಂದು ಸಾಲಿನಲ್ಲಿ ಬರೆದಿಡುತ್ತದೆ. ಆ ಬರಹವೇ ಲಾಗ್. ಲಾಗ್‌ನಲ್ಲಿ ಏನೇನು ಬರೆಯಬೇಕು ಎಂಬುದನ್ನು 'ಆಯ್ಕೆಗಳು' ಎಂಬ ಒಂದು ಕಿಟಕಿಯಲ್ಲಿ ತೀರ್ಮಾನಿಸಬೇಕು. ಅಲ್ಲಿ ಒಂದರ ಕೆಳಗೆ ಒಂದು ಚೌಕಗಳಿರುತ್ತವೆ. ತಾರೀಖು ಬೇಕೇ, ಗಂಟೆ ಬೇಕೇ, ಕೇಳಿದ ಪುಟದ ಹೆಸರು ಬೇಕೇ, ಕೇಳಿದವರ ಯಂತ್ರದ ನಂಬರು ಬೇಕೇ. ಬೇಕಾದದ್ದಕ್ಕೆ ಗುರುತು ಹಾಕುವುದು, ಬೇಡದ್ದಕ್ಕೆ ತೆಗೆಯುವುದು. ಆ ಕಿಟಕಿಯನ್ನು ತೆರೆಯುವ ಅಧಿಕಾರ ಇಡೀ ಕಾಲೇಜಿನಲ್ಲಿ ಕಾಂಗಸ್ ಒಬ್ಬನಿಗೇ ಇತ್ತು. ಆದರೆ ಮೇಲಿನವರ ಸಹಿಯಿಲ್ಲದೆ ಅವನು ಅದರಲ್ಲಿ ಒಂದು ಚೌಕವನ್ನೂ ಮುಟ್ಟುತ್ತಿರಲಿಲ್ಲ.

ಒಂದು ಚಳಿಗಾಲದ ಕಥೆ ಹೇಳುತ್ತೇನೆ. ಸರ್ವರ್ ಒಂದೇ ಸಲಕ್ಕೆ ಎಷ್ಟು ಜನರನ್ನು ಒಳಗೆ ಬಿಡಬೇಕು ಎಂಬುದಕ್ಕೂ ಆ ಕಿಟಕಿಯಲ್ಲಿ ಒಂದು ಸಂಖ್ಯೆ ಇತ್ತು. ತಂತ್ರಾಂಶ ಬರುವಾಗಲೇ ಅದು ಹನ್ನೆರಡು ಎಂದಿತ್ತು. ಹದಿಮೂರನೆಯವರು ಬಂದರೆ 'ಈಗ ಬಿಡುವಿಲ್ಲ, ಆಮೇಲೆ ಬನ್ನಿ' ಎಂಬ ಉತ್ತರ. ಪ್ರವೇಶದ ದಿನಗಳಲ್ಲಿ ಇದು ದೊಡ್ಡ ರಗಳೆಯಾಯಿತು. ಇಪ್ಪತ್ತನಾಲ್ಕು ಮಾಡಪ್ಪ ಎಂದು ಎಲ್ಲರೂ ಕೇಳಿದರು. ಮಾಡಲು ಅರ್ಧ ನಿಮಿಷ ಸಾಕು ಎಂದು ಅವನೇ ಒಪ್ಪಿಕೊಂಡ. ಆದರೆ ಅದಕ್ಕೆ ಡೀನ್ ಸಹಿ ಬೇಕು, ಡೀನ್ ಆರು ತಿಂಗಳ ರಜೆಯಲ್ಲಿದ್ದರು, ಅವರ ಜಾಗದಲ್ಲಿ ಕುಳಿತವರಿಗೆ ಇಂಥದ್ದಕ್ಕೆ ಸಹಿ ಹಾಕಬಹುದೋ ಇಲ್ಲವೋ ಎಂಬ ಅನುಮಾನ. ನಮ್ಮ ಕಾಲೇಜು ನವೆಂಬರಿನಿಂದ ಏಪ್ರಿಲ್‌ವರೆಗೆ ಹದಿಮೂರನೆಯ ಅತಿಥಿಯನ್ನು ಬಾಗಿಲಿಂದ ಹಿಂದಕ್ಕೆ ಕಳಿಸಿತು. ಹಾಗೆ ಎಷ್ಟು ಜನ ಹಿಂದೆ ಹೋದರೆಂಬುದನ್ನೂ ಕಾಂಗಸ್ ಲಾಗ್ ನೋಡಿ ತಿಂಗಳು ತಿಂಗಳೂ ವರದಿ ಮಾಡಿದ.

ಆ ಲಾಗ್ ಒಂದೇ ಅವನ ಹೆಮ್ಮೆ. ಸರ್ವರ್ ಶುರುವಾದ ದಿನದಿಂದ ಒಂದು ದಿನವೂ ಬಿಟ್ಟಿಲ್ಲ ಎನ್ನುತ್ತಿದ್ದ. ಎರಡು ಸಲ ಹಿಮಪಾತಕ್ಕೆ ಕರೆಂಟು ಹೋದಾಗ ಕಾಲುನಡಿಗೆಯಲ್ಲಿ ಬಂದು ಯಂತ್ರವನ್ನು ಎಬ್ಬಿಸಿದ್ದನಂತೆ. ಬೇರೆಯವರು ಮೇಜಿನ ಮೇಲೆ ಮಕ್ಕಳ ಫೋಟೋ ಇಡುವ ಜಾಗದಲ್ಲಿ ಅವನು ಕಳೆದ ತಿಂಗಳ ಲಾಗ್‌ನ ಮೊತ್ತಗಳನ್ನು ಅಂಟಿಸಿದ್ದ. ಐವತ್ತರ ಮೇಲಿನ ವಯಸ್ಸು, ಮದುವೆಯಿಲ್ಲ. ಶನಿವಾರ ಸೌನಾದ ಹಬೆಸ್ನಾನ, ಭಾನುವಾರ ಚರ್ಚು, ಮಿಕ್ಕ ದಿನ ನೆಲಮಾಳಿಗೆ. ಹನ್ನೊಂದು ನಲವತ್ತಕ್ಕೆ ಸರಿಯಾಗಿ ಬಾಗಿಲು ಹಾಕಿಕೊಂಡು ಕಾಗದದಲ್ಲಿ ಸುತ್ತಿದ, ಮಾಂಸ ಆಲೂಗಡ್ಡೆ ತುಂಬಿದ ಪ್ಯಾಸ್ಟಿ ತಿನ್ನುತ್ತಿದ್ದ. ಹನ್ನೆರಡೂ ಹತ್ತರವರೆಗೆ ಕಟ್ಟಡಕ್ಕೆ ಬೆಂಕಿ ಬಿದ್ದರೂ ಬಾಗಿಲು ತೆರೆಯುವುದಿಲ್ಲ ಎಂದು ಅವನ ಅಕ್ಕ ಇರ್ಮಾ ಹೇಳುತ್ತಿದ್ದಳು. ಇರ್ಮಾ ಗ್ರಂಥಾಲಯದ ಮೇಲಂತಸ್ತಿನಲ್ಲಿ ಪುಸ್ತಕ ಕೊಡುವ ಮೇಜಿನ ಒಡತಿ. ತಮ್ಮನನ್ನು ಹಾಸ್ಯ ಮಾಡುವ ಹಕ್ಕು ತನಗೊಬ್ಬಳಿಗೇ ಸೇರಿದ್ದು ಎಂಬಂತೆ ಇರುತ್ತಿದ್ದಳು. ನಾನು ಆ ಹಕ್ಕನ್ನು ಕೇಳದೆಯೇ ಹಂಚಿಕೊಂಡಿದ್ದೆ.

ತೊಂಬತ್ತೆಂಟರ ಫೆಬ್ರವರಿಯಲ್ಲಿ ನನ್ನ ಅಂಚೆಪೆಟ್ಟಿಗೆಗೆ ಡೀನ್ ಗ್ಯಾರಿಟಿಯವರಿಂದ ಒಂದು ಲಕೋಟೆ ಬಂತು. ಕಾಲೇಜಿನ ವೆಬ್‌ಸೈಟಿನಲ್ಲಿ ವಿದ್ಯಾರ್ಥಿಗಳು ತಮ್ಮ ದೂರುಗಳನ್ನು ಬರೆದು ಕಳಿಸಲು ಒಂದು ಪುಟವಿತ್ತು. 'ನಿಮ್ಮ ಗುರುತು ಯಾರಿಗೂ ತಿಳಿಯುವುದಿಲ್ಲ' ಎಂದು ಅದರ ತಲೆಯ ಮೇಲೇ ಬರೆದಿತ್ತು. ಅಲ್ಲಿಂದ ಬಂದ ಒಂದು ದೂರನ್ನು ಡೀನ್ ನನಗೆ ಕಳಿಸಿದ್ದರು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂಬ ಚೀಟಿಯ ಜೊತೆ.

ಹೀಗಿತ್ತು ದೂರು: 'ಪ್ರೊಫೆಸರ್ ಪ್ರಶ್ನೆ ಕೇಳಿ ಕೈಗಡಿಯಾರ ನೋಡುತ್ತಾರೆ. ಇದು ಚಿಕ್ಕ ಮಕ್ಕಳಿಗೂ ಗೊತ್ತಿರುತ್ತದೆ ಎಂದು ಹೇಳಿ ಪಾಠ ಶುರು ಮಾಡುತ್ತಾರೆ. ಆಮೇಲೆ ಗೊತ್ತಿಲ್ಲ ಎಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಕಳೆದ ತಿಂಗಳು ಒಬ್ಬಳು ಅಳುತ್ತಾ ಎದ್ದು ಹೋದಳು. ಬಾಗಿಲು ಹಾಕಿಕೊಂಡು ಹೋಗು ಎಂದರು. ಕಲ್ಲುಹೂವುಗಳ ಬಗ್ಗೆ ಇವರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.'

ಓದಿ ಮುಗಿಸಲು ನನಗೆ ಇಪ್ಪತ್ತೆರಡು ಸೆಕೆಂಡು ಹಿಡಿಯಿತು. ಇದು ಹೇಗೆ ಗೊತ್ತಾಯಿತು ಎಂದು ಯಾರೂ ಕೇಳಬೇಕಾಗಿಲ್ಲ.

ಮೊದಲು ನನಗೆ ಬಂದದ್ದು ಸಿಟ್ಟಲ್ಲ, ತಿದ್ದುವ ಆಸೆ. ವಾಕ್ಯಗಳು ತುಂಡು ತುಂಡಾಗಿದ್ದವು. ಆಮೇಲೆ ಸಿಟ್ಟು ಬಂತು, ಬಂದದ್ದು ಹೋಗಲಿಲ್ಲ. ಹುಡುಗಿ ಅತ್ತದ್ದು ನಿಜ, ಬಾಗಿಲು ಹಾಕಿಕೊಂಡು ಹೋಗೆಂದು ನಾನು ಹೇಳಿದ್ದೂ ನಿಜ. ಹೊರಗಿನ ಚಳಿ ಒಳಗೆ ಬರುತ್ತಿತ್ತು ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಕೊನೆಯ ಎರಡು ವಾಕ್ಯಗಳನ್ನು ಕಂಡೆ, ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ದೂರು ಬರೆದವರು ನನ್ನ ಕೊನೆಯ ವರ್ಷದ ತರಗತಿಯವರೇ ಎಂಬುದರಲ್ಲಿ ಅನುಮಾನವಿರಲಿಲ್ಲ. ತರಗತಿಯಲ್ಲಿ ಇದ್ದದ್ದು ಒಂಬತ್ತು ಜನ. ಅವರಲ್ಲಿ ಮೂವರು, ಡಾರ್ಲಾ ಟ್ರೆಜೋನಾ, ಕೀತ್ ಸೋಲ್ಬರ್ಗ್, ಮಾರಿಟ್ ಒಯಾಲಾ, ಆ ಬೇಸಿಗೆಗೆ ಸರೋವರದ ದ್ವೀಪವೊಂದರ ಸಂಶೋಧನಾ ಶಿಬಿರಕ್ಕೆ ಅರ್ಜಿ ಹಾಕಿದ್ದರು. ಜಾಗ ಒಂದೇ. ಆರಿಸುವವಳು ನಾನು. ಹೋದವರಿಗೆ ಮೂರು ತಿಂಗಳ ಸಂಬಳ, ಹಿಂದೆಯೇ ದೊಡ್ಡ ವಿಶ್ವವಿದ್ಯಾಲಯಕ್ಕೆ ನನ್ನ ಶಿಫಾರಸು ಪತ್ರ. ನಮ್ಮ ಕಡೆಯ ಮಕ್ಕಳಿಗೆ ಊರಿಂದ ಆಚೆ ಹೋಗಲು ಇರುವ ದಾರಿಗಳಲ್ಲಿ ಇದು ಚೊಕ್ಕವಾದದ್ದು. ಸೋಮವಾರ ಸಂದರ್ಶನ. ಅಷ್ಟರೊಳಗೆ ಯಾರೆಂದು ತಿಳಿದುಕೊಳ್ಳಬೇಕು ಎನಿಸಿತು. ತಿಳಿದರೂ ನಾನು ನ್ಯಾಯವಾಗಿಯೇ ನಡೆದುಕೊಳ್ಳುತ್ತೇನೆ, ಸುಮ್ಮನೆ ಕುತೂಹಲ ಎಂದುಕೊಂಡೆ. ನಾನು ಇಷ್ಟು ಸಲೀಸಾಗಿ ಮೋಸಹೋಗುವುದು ನನ್ನ ಮಾತಿಗೆ ಮಾತ್ರ. ಯಾರೆಂದು ತಿಳಿದ ಮರುಗಳಿಗೆಯೇ ಆ ಹೆಸರಿನ ಮೇಲೆ ಗೀಟು ಎಳೆಯುತ್ತಿದ್ದೆ, ಅದಕ್ಕೆ ಬಹಳ ಘನವಾದ ಬೇರೊಂದು ಕಾರಣವನ್ನೂ ಬರೆಯುತ್ತಿದ್ದೆ.

ಬುಧವಾರ ಗ್ರಂಥಾಲಯಕ್ಕೆ ಹೋದೆ. ಮೆಟ್ಟಿಲ ಹತ್ತಿರ ಇರ್ಮಾ ಕಣ್ಣು ಮೇಲೆತ್ತಿದಳು.

"ಪಾತಾಳಕ್ಕೆ ಇಳೀತಿದ್ದೀರಾ ಪ್ರೊಫೆಸರೇ? ಕೈಯಲ್ಲಿ ಸಹಿ ಇದೆಯಾ? ಇಲ್ಲದಿದ್ರೆ ಮೆಟ್ಟಿಲು ಯಾಕೆ ಸವೆಸ್ತೀರಿ, ಇಲ್ಲೇ ಕೂತು ಕಾಫಿ ಕುಡೀರಿ."

ಬರಿಯ ಒಂದು ಪ್ರಶ್ನೆ ಕೇಳುವುದಿದೆ ಎಂದೆ. ಪ್ರಶ್ನೆಗಾದರೆ ಅರ್ಜಿ ಬೇಕಾಗಿಲ್ಲ, ಉತ್ತರಕ್ಕೆ ಬೇಕು ಎಂದಳು.

ಕೆಳಗೆ ಕಾಂಗಸ್ ಎದ್ದು ನಿಂತು ಕುರ್ಚಿ ಕೊಟ್ಟ. ದೂರಿನ ತಾರೀಖು ಹೇಳಿ, ಕಳಿಸಿದವರು ಯಾರೆಂದು ಅವನ ಯಂತ್ರಕ್ಕೆ ಗೊತ್ತೇ ಎಂದು ಕೇಳಿದೆ.

"ಯಾರು ಅಂತ ಅದಕ್ಕೆ ಗೊತ್ತಿರಲ್ಲ ಮೇಡಂ. ಯಾವ ಕಂಪ್ಯೂಟರಿಂದ ಅಂತ ಗೊತ್ತಿರತ್ತೆ, ಎಷ್ಟು ಗಂಟೆಗೆ ಅಂತ ಗೊತ್ತಿರತ್ತೆ. ಆ ಪುಟಕ್ಕೆ ಬಂದವರೆಲ್ಲಾ ಕೂತಿದ್ದು ಮೇಲಿನ ಕಂಪ್ಯೂಟರ್ ಲ್ಯಾಬಲ್ಲೇ. ಲ್ಯಾಬಿನ ಪುಸ್ತಕದಲ್ಲಿ ಹುಡುಗರು ಹೆಸರು, ಕಂಪ್ಯೂಟರ್ ನಂಬರು, ಟೈಮು ಬರೀತಾರಲ್ಲ."

"ಅಂದ್ರೆ ಎರಡನ್ನೂ ಪಕ್ಕ ಪಕ್ಕ ಇಟ್ರೆ ಹೆಸರು ಸಿಗತ್ತೆ."

"ಐದು ನಿಮಿಷದ ಕೆಲಸ."

"ಗುರುತು ಯಾರಿಗೂ ತಿಳಿಯಲ್ಲ ಅಂತ ಪುಟದ ಮೇಲೆ ಬರ್ದಿದೆ."

"ಬರ್ದಿದೆ. ಅದನ್ನ ಬರ್ದವರು ಡೀನ್ ಕಚೇರಿಯವರು. ಲಾಗ್ ನಂದು. ಅವರು ಲಾಗನ್ನ ಕೇಳ್ಲಿಲ್ಲ, ಲಾಗ್ ಅವರನ್ನ ಕೇಳ್ಲಿಲ್ಲ" ಎಂದ.

ಆ ಸಾಲನ್ನು ನನಗೆ ಕೊಡಬಹುದೇ ಎಂದೆ. ಡೀನ್ ಸಹಿಯಿದ್ದರೆ ಖಂಡಿತ ಎಂದ. ನಾನು ಏಕೆ ಕೇಳುತ್ತಿದ್ದೇನೆ, ಅದರಿಂದ ಏನು ಮಾಡುತ್ತೇನೆ ಎಂದು ಅವನು ಒಂದು ಮಾತೂ ಕೇಳಲಿಲ್ಲ. ನನಗೆ ಅನುಕೂಲವೇ ಆದರೂ ಒಳಗೊಳಗೇ ಅವನನ್ನು ಹೀನಾಯವಾಗಿ ಕಂಡೆ. ಒಂದು ಕಾಗದದ ಕೆಳಗೆ ಸಹಿಯೊಂದಿದ್ದರೆ ಈ ಮನುಷ್ಯ ಯಾರನ್ನು ಬೇಕಾದರೂ ಹಿಡಿದುಕೊಡುತ್ತಾನೆ ಎಂದುಕೊಂಡೆ. ಹಿಡಿದುಕೊಡು ಎಂದು ಕೇಳಲು ಬಂದವಳು ನಾನೇ ಎಂಬುದು ಆ ಹೊತ್ತಿಗೆ ನೆನಪಿರಲಿಲ್ಲ.

ಡೀನ್ ಗ್ಯಾರಿಟಿ ಪ್ರತಿ ಗುರುವಾರ ಮಧ್ಯಾಹ್ನ ಹಿಮದ ಮೇಲೆ ಸ್ಕೀ ಮಾಡಲು ಹೊರಡುತ್ತಿದ್ದರು. ಎರಡು ಗಂಟೆಯ ಮೇಲೆ ಅವರ ಮುಂದೆ ಇಟ್ಟ ಕಾಗದಗಳಲ್ಲಿ ಸಹಿಯ ಜಾಗ ಬಿಟ್ಟು ಬೇರೆ ಏನೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ ಎಂಬುದು ಕಾಲೇಜಿಗೆಲ್ಲ ಗೊತ್ತು. ಸೂಕ್ಷ್ಮದರ್ಶಕದ ಬಲ್ಬುಗಳಿಗೆ ಒಂದು ಅರ್ಜಿ, ನನ್ನ ಏಪ್ರಿಲ್ ರಜೆಗೆ ಒಂದು ಅರ್ಜಿ, ನಡುವೆ ಆ ಲಾಗ್ ಸಾಲು ಕೇಳುವ ಅರ್ಜಿ. ಮೂರಕ್ಕೂ ಒಂದೇ ಉಸಿರಿನಲ್ಲಿ ಸಹಿ ಬಿತ್ತು. ಇದನ್ನು ಮೋಸ ಎಂದರೆ ನಾನು ಒಪ್ಪುವುದಿಲ್ಲ. ಕೇಳಿದ್ದೆಲ್ಲ ಕಾಗದದಲ್ಲೇ ಬರೆದಿತ್ತು. ಎಷ್ಟು ಸಣ್ಣ ಅಕ್ಷರದಲ್ಲಿ ಎಂಬುದು ಬೇರೆ ಮಾತು.

ಶುಕ್ರವಾರ ಗ್ರಂಥಾಲಯ ತಲುಪಿದಾಗ ಹನ್ನೊಂದು ಐವತ್ತು. ಕಾಂಗಸ್‌ನ ಊಟದ ಹೊತ್ತು ಮರೆತಿದ್ದೆ. ಇರ್ಮಾ ನನ್ನ ಕೈಯಲ್ಲಿದ್ದ ಕಾಗದ ನೋಡಿ, ಮೇಜಿನ ಹಿಂದೆ ಕರೆದು ಕೂರಿಸಿ, ಕಾಫಿಯನ್ನೂ ತಾನು ಮಾಡಿದ ಏಲಕ್ಕಿ ಬ್ರೆಡ್ಡನ್ನೂ ಕೊಟ್ಟಳು. ಹೊತ್ತು ಕಳೆಯಬೇಕಿತ್ತು. ನಿಮ್ಮ ತಮ್ಮನಿಗೆ ಈ ಸಹಿಯ ಹುಚ್ಚು ಹುಟ್ಟಿನಿಂದಲೇ ಬಂದದ್ದೋ ಎಂದು ಕೇಳಿದೆ.

"ಇಲ್ಲಪ್ಪ. ಚಿಕ್ಕವನಿದ್ದಾಗ ಕೇಳಿದ್ದನ್ನೆಲ್ಲಾ ಕೊಟ್ಟುಬಿಡ್ತಿದ್ದ, ಪೆದ್ದ" ಎಂದಳು.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನು ಗಣಿಯ ಉಗ್ರಾಣದಲ್ಲಿ ಸಾಮಾನು ಕೊಡುವ ಕೆಲಸದಲ್ಲಿದ್ದನಂತೆ. ಒಂದು ದಿನ ಪಾಳಿಯ ಮೇಲಧಿಕಾರಿ ಬಂದು, ಬಳಸಬಾರದೆಂದು ಬದಿಗಿಟ್ಟಿದ್ದ ಒಂದು ಹಳೆಯ ಉಕ್ಕಿನ ಹಗ್ಗ ಕೊಡು, ಸಹಿ ಮಾಡಿದ ಚೀಟಿ ಸಂಜೆ ಕಳಿಸುತ್ತೇನೆ ಎಂದ. ಇವನು ಕೊಟ್ಟ. ಹಗ್ಗ ಹರಿಯಿತು. ಯಾರೂ ಸಾಯಲಿಲ್ಲ. ಎದುರು ಮನೆಯ ಊನೋ ಪೆಲ್ಟೊನೆನ್ ಎಂಬವನ ಬಲಗೈ ಜಜ್ಜಿಹೋಯಿತು. ವಿಚಾರಣೆಯಲ್ಲಿ ಆ ಮೇಲಧಿಕಾರಿ ತಾನು ಹಗ್ಗ ಕೇಳಲೇ ಇಲ್ಲ ಎಂದ. ತೋರಿಸಲು ಕಾಂಗಸ್‌ನ ಹತ್ತಿರ ಚೀಟಿ ಇರಲಿಲ್ಲ. ಕೆಲಸ ಹೋಯಿತು. ಪೆಲ್ಟೊನೆನ್ ಮನೆಯವರು ಒಂಬತ್ತು ವರ್ಷ ಈ ಮನೆಯವರನ್ನು ಮಾತಾಡಿಸಲಿಲ್ಲ.

"ಅವತ್ತಿಂದ ನನ್ನ ಮನೇಲಿ ಊಟಕ್ಕೆ ಕೂತ್ರೂ, ಉಪ್ಪು ತಗೋಬಹುದಾ ಅಂತ ಎರಡು ಸಲ ಕೇಳ್ತಾನೆ," ಎಂದು ಇರ್ಮಾ ಬ್ರೆಡ್ಡಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡಳು. "ನಿಮ್ಮ ಕೈಲಿರೋದು ಸರಿಯಾಗಿದೆಯಾ ನೋಡ್ಕೊಳಿ. ತಾರೀಖು ಹಾಕಿದೀರಾ?"

ಕಥೆ ಕೇಳಿ ಕರಗುವ ಅಭ್ಯಾಸ ನನಗಿಲ್ಲ. ಪುಕ್ಕಲುತನಕ್ಕೆ ಒಂದು ಕಾರಣ ಸಿಕ್ಕಿದ ಮಾತ್ರಕ್ಕೆ ಅದು ಬೇರೆ ಗುಣವಾಗುವುದಿಲ್ಲ ಎಂದುಕೊಂಡು, ತಾರೀಖು ಹಾಕಿದ್ದೇನೆಯೇ ಎಂದು ನೋಡಿಕೊಂಡು, ಹನ್ನೆರಡೂ ಹತ್ತಕ್ಕೆ ಕೆಳಗಿಳಿದೆ.

ಕೋಣೆಯಲ್ಲಿ ಪ್ಯಾಸ್ಟಿಯ ವಾಸನೆ ಇನ್ನೂ ಇತ್ತು. ಕಾಂಗಸ್ ಕಾಗದವನ್ನು ದೀಪದ ಬೆಳಕಿಗೆ ಹಿಡಿದು ಎರಡು ಸಲ ಓದಿದ. ಸಣ್ಣ ಅಕ್ಷರವನ್ನೂ ಓದಿದ. ಸಹಿ ಡೀನ್ ಅವರದೇ, ಸರಿಯಾಗಿದೆ ಎಂದ. ಆಮೇಲೆ ಗೋಡೆಯ ಕಪಾಟಿನಿಂದ ಆ ದೂರಿನ ಪುಟಕ್ಕೆಂದೇ ಇಟ್ಟಿದ್ದ ಕಡತವನ್ನು ತೆಗೆದ. ನನ್ನ ಅರ್ಜಿಯನ್ನು ಅದರಲ್ಲಿ ಸೇರಿಸಲೆಂದು ತೆರೆದಾಗ, ಮೇಲೆಯೇ ಒಂದು ಹಾಳೆ ಇತ್ತು. ಅದರ ಮೇಲೆಲ್ಲ ಕೆಂಪು ಶಾಯಿ. ನನ್ನ ಕೈಬರಹ ನನಗೆ ಎಷ್ಟು ದೂರದಿಂದಲೂ ತಿಳಿಯುತ್ತದೆ.

ಕೈಚಾಚಿ ತೆಗೆದುಕೊಂಡೆ. ಎರಡು ವರ್ಷದ ಹಿಂದೆ, ಆ ಪುಟ ಶುರುವಾಗುವ ಮುಂಚೆ, ಕಾಂಗಸ್ ಕಂಪ್ಯೂಟರ್ ಸಮಿತಿಯ ಐದು ಜನರಿಗೂ ಬರೆದಿದ್ದ ಪತ್ರ. ಹೊಸ ದೂರಿನ ಪುಟಕ್ಕೆ ಬರುವವರ ಯಂತ್ರದ ನಂಬರನ್ನು ಲಾಗ್‌ನಲ್ಲಿ ಬರೆಯಬೇಕೋ ಬೇಡವೋ, ಬರೆದರೆ ಬಂದವರು ಯಾರೆಂದು ಕಂಡುಹಿಡಿಯಬಹುದು, ದಯವಿಟ್ಟು ಬೇಡವೆಂದಾದರೆ ಸಹಿ ಮಾಡಿ ತಿಳಿಸಿ, ನಾನು ಆ ಚೌಕದ ಗುರುತು ತೆಗೆಯುತ್ತೇನೆ ಎಂದು ಕೇಳಿದ್ದ. ಐವರಲ್ಲಿ ನಾನೂ ಒಬ್ಬಳು. ಎರಡು ಕಡೆ ಕಾಗುಣಿತ ತಿದ್ದಿದ್ದೆ. 'ದಯವಿಟ್ಟು' ಎಂಬುದನ್ನು ಹೊಡೆದು ಹಾಕಿದ್ದೆ. ಅಂಚಿನಲ್ಲಿ 'ಒಂದೇ ವಾಕ್ಯದಲ್ಲಿ ಇಷ್ಟು ತುರುಕಬೇಡಿ' ಎಂದು ಬರೆದಿದ್ದೆ. ಕೆಳಗೆ ಬಿ ಮೈನಸ್ ದರ್ಜೆ ಕೊಟ್ಟಿದ್ದೆ. ಅವನು ಕೇಳಿದ್ದಕ್ಕೆ ಉತ್ತರ ಮಾತ್ರ ಎಲ್ಲಿಯೂ ಇರಲಿಲ್ಲ.

"ಉಳಿದ ನಾಲ್ಕು ಜನ ವಾಪಸೇ ಕಳಿಸ್ಲಿಲ್ಲ" ಎಂದ ಕಾಂಗಸ್. ಅವನ ಮಾತಿನಲ್ಲಿ ಕೊಂಕು ಇರಲಿಲ್ಲ, ಅದನ್ನು ಹುಡುಕುವುದರಲ್ಲಿ ನಾನು ಪಳಗಿದವಳು. "ಕೊನೇತನಕ ಓದಿದ್ದು ನೀವೊಬ್ಬರೇ ಮೇಡಂ. ಅದಕ್ಕೇ ಇಟ್ಕೊಂಡಿದೀನಿ."

"ಆಮೇಲೆ ಏನು ಮಾಡಿದ್ರಿ?"

"ಯಾರೂ ಬೇಡ ಅನ್ಲಿಲ್ಲ. ತಂತ್ರಾಂಶ ಬಂದಾಗ್ಲೇ ಆ ಚೌಕಕ್ಕೆ ಗುರುತು ಇತ್ತು. ಹಾಗೇ ಬಿಟ್ಟೆ."

ಇಲ್ಲಿಗೆ ಎದ್ದು ಬರಬೇಕಿತ್ತು. ಮೂವತ್ತು ವರ್ಷ ಪಾಠ ಹೇಳಿದ ಹೆಂಗಸಿಗೆ ಅಷ್ಟು ತಿಳಿಯಬೇಕಿತ್ತು. ತಿಳಿಯಿತು, ಆದರೂ ಏಳಲಿಲ್ಲ. ನನ್ನ ತಪ್ಪೊಂದು ಹೊರಬಿದ್ದಾಗ ಅದನ್ನು ಮುಚ್ಚಲು ಇನ್ನೊಬ್ಬರ ತಪ್ಪನ್ನು ತುರ್ತಾಗಿ ಹುಡುಕುವುದು ನನ್ನ ಹಳೆಯ ಪದ್ಧತಿ. ಎರಡು ವರ್ಷದಲ್ಲಿ ಎಷ್ಟು ಜನ ಆ ಪುಟದಲ್ಲಿ ಬರೆದಿದ್ದಾರೆ ಎಂದು ಕೇಳಿದೆ.

"ಅರವತ್ತಮೂರು."

"ಏನೇನು ಬರ್ದಿದಾರೆ?"

"ಅದು ಲಾಗ್‌ಗೆ ಬರಲ್ಲ. ಬಂದ್ರೂ ನಾನು ಓದಲ್ಲ." ಅವನು ಪರದೆಯ ಕಡೆಗೇ ನೋಡುತ್ತಿದ್ದ. "ಆದ್ರೆ ಬಂದು ಹೋಗಿದ್ದು ಬರತ್ತೆ. ಪುಟ ತೆಗೀತಾರೆ, ಏನೂ ಕಳಿಸದೆ ಹೋಗ್ತಾರೆ. ಒಬ್ಬರು ಒಂದೇ ಕಂಪ್ಯೂಟರಿಂದ, ಒಂದೇ ಹೊತ್ತಿಗೆ ಏಳು ಸಲ ಬಂದು ಹೋದ್ರು, ಎಂಟನೇ ಸಲ ಬರ್ಲೇ ಇಲ್ಲ. ನಿಮ್ಮದನ್ನ ಬರ್ದವರೂ ಹಾಗೇ ನಾಲ್ಕು ಸಲ ಬಂದು ವಾಪಸು ಹೋಗಿದಾರೆ. ಮೊದಲನೇ ಸಲ ಜನವರಿ ಹದಿನಾರು. ಐದನೇ ಸಲಕ್ಕೆ ಕಳಿಸಿದಾರೆ."

ಜನವರಿ ಹದಿನಾರು ಆ ಹುಡುಗಿ ಅಳುತ್ತಾ ಹೊರಗೆ ಹೋದ ದಿನ. ಮೂರು ವಾರ ಯಾರೋ ಆ ಲ್ಯಾಬಿಗೆ ಹೋಗಿ, ಪುಟ ತೆರೆದು, 'ನಿಮ್ಮ ಗುರುತು ಯಾರಿಗೂ ತಿಳಿಯುವುದಿಲ್ಲ' ಎಂಬುದನ್ನು ಓದಿ, ನಂಬದೆ ಎದ್ದು ಹೋಗಿದ್ದರು. ನಂಬದೆ ಇದ್ದದ್ದೇ ಸರಿ ಎಂದು ತೋರಿಸಲು ನಾನು ಅಲ್ಲಿ ಕೂತಿದ್ದೆ.

ಮುದ್ರಿಸಿ ಕೊಡಿ ಎಂದೆ. ನನ್ನ ದನಿ ನನಗೇ ತರಗತಿಯಲ್ಲಿ ಕೇಳಿದಂತೆ ಕೇಳಿಸಿತು.

"ಕೊಡ್ತೀನಿ. ಸಹಿ ಇದೆಯಲ್ಲ" ಎಂದ. ಯಂತ್ರದಲ್ಲಿ ಆ ತಿಂಗಳ ಲಾಗ್ ಹುಡುಕಿ ತೆರೆದ. ಸಾಲುಗಳು ಮೇಲಕ್ಕೆ ಹರಿದು ನಿಂತವು. ನಾನು ಕುಳಿತ ಕಡೆಯಿಂದ ಓದಲು ಆಗುತ್ತಿರಲಿಲ್ಲ. ಅವನ ಬೆರಳು ಒಂದು ಸಾಲಿನ ಮೇಲೆ ಇತ್ತು. ಸುಮ್ಮನೆ ಇತ್ತು.

"ಅವರು ಬರ್ದಿದ್ದು ಸುಳ್ಳಾ ಮೇಡಂ?"

ಹನ್ನೊಂದು ವರ್ಷದಲ್ಲಿ ನನಗಾಗಲಿ ಬೇರೆ ಯಾರಿಗಾಗಲಿ ಅವನು ಅರ್ಜಿಯ ಹೊರಗಿನ ಪ್ರಶ್ನೆ ಕೇಳಿದ್ದು ಅದೇ ಮೊದಲು. ನಾನು ಏನು ಮಾಡಿದೆನೆಂದರೆ, ಕೈಗಡಿಯಾರ ನೋಡಿದೆ. ಮುಳ್ಳು ಹದಿನಾಲ್ಕು ಹೆಜ್ಜೆ ಹೋಯಿತು. ಅಷ್ಟು ಹೊತ್ತು ಉತ್ತರ ಹೇಳದೆ ಕೂತ ವಿದ್ಯಾರ್ಥಿಯನ್ನು ನಾನು ಒಂದು ದಿನವೂ ಸಹಿಸಿದವಳಲ್ಲ.

"ಸುಳ್ಳಲ್ಲ," ಎಂದೆ. ಇದರಲ್ಲಿ ನನ್ನ ಹಿರಿಮೆ ಏನೂ ಇಲ್ಲ, ಒಳ್ಳೆಯ ಸುಳ್ಳು ಕಟ್ಟಲು ಹದಿನಾಲ್ಕು ಸೆಕೆಂಡು ಸಾಲಲಿಲ್ಲ. "ಆದ್ರೆ ಅದು ನಿಮಗೆ ಸಂಬಂಧಪಟ್ಟದ್ದಲ್ಲ, ಕಾಂಗಸ್. ನಿಮ್ಮ ಕೈಲಿ ಡೀನ್ ಸಹಿ ಇದೆ."

"ಇದೆ," ಎಂದು ಒಪ್ಪಿದ.

ಆಮೇಲೆ ಭಾರವಾದ ಆ ಪರದೆಯನ್ನು ಎರಡೂ ಕೈಗಳಿಂದ ಹಿಡಿದು, ನಾನು ಚೆನ್ನಾಗಿ ಓದಬಹುದಾದಷ್ಟು ನನ್ನ ಕಡೆಗೆ ತಿರುಗಿಸಿದ. ತೆರೆದಿದ್ದ ಲಾಗನ್ನು ಅಷ್ಟರಲ್ಲಿ ಅವನು ಮುಚ್ಚಿದ್ದ. ಆಯ್ಕೆಗಳ ಕಿಟಕಿ ತೆರೆದ. ಒಂದರ ಕೆಳಗೆ ಒಂದು ಚೌಕಗಳು. ತಾರೀಖು, ಗಂಟೆ, ಪುಟದ ಹೆಸರು, ಇವನ್ನು ಮುಟ್ಟಲಿಲ್ಲ. ಯಂತ್ರದ ನಂಬರಿನ ಮುಂದಿದ್ದ ಗುರುತನ್ನು ತೆಗೆದ, ಉಳಿಸು ಎಂಬುದನ್ನು ಒತ್ತಿದ. ನಂತರ ಲಾಗ್‌ಗಳನ್ನೆಲ್ಲ ಇಟ್ಟಿದ್ದ ಜಾಗ ತೆರೆದ. ತಿಂಗಳಿಗೊಂದರಂತೆ, ಈ ತಿಂಗಳದ್ದೂ ಸೇರಿ ಇಪ್ಪತ್ತೈದು ಕಡತಗಳು, ಒಂದು ದಿನವೂ ಬಿಡದೆ ಬರೆದಿಟ್ಟವು. ಇಪ್ಪತ್ತೈದನ್ನೂ ಒಟ್ಟಿಗೆ ಹಿಡಿದು ಎಳೆದು ಕಸದ ಬುಟ್ಟಿಗೆ ಹಾಕಿ, ಬುಟ್ಟಿ ಖಾಲಿ ಮಾಡಲು ಹೇಳಿದ.

ಯಂತ್ರ ಸುಮ್ಮನೆ ಒಪ್ಪಲಿಲ್ಲ. ಇವನ್ನು ಅಳಿಸಿದರೆ ಮತ್ತೆ ಸಿಗುವುದಿಲ್ಲ, ಖಂಡಿತವಾಗಿಯೂ ಅಳಿಸಬೇಕೇ ಎಂದು ಪರದೆಯ ನಡುವೆ ಕೇಳಿತು. ಕಾಂಗಸ್ ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿದ್ದ ಡೀನ್ ಸಹಿಯನ್ನೂ ನೋಡಲಿಲ್ಲ. ಕರವಸ್ತ್ರದಿಂದ ಅಂಗೈ ಒರೆಸಿಕೊಂಡು, 'ಹೌದು' ಎಂಬುದನ್ನು ಒತ್ತಿದ.